ಬೆಲ್ಲನ ಉಸಿರು

ಬಸವಂತ ಊರಿಗೆ ಹೋಗುವ ಟಿಕೆಟ್ ತಂದು ಟೀವಿಯ ಮೇಲಿಟ್ಟ ದಿನ ಮಂಗಳಾ ತಾನು ಹೋಗುವುದಿಲ್ಲ ಎಂದಳು.

ಅದು ಎರಡು ಸಾವಿರದ ಮೂರನೆಯ ಇಸವಿಯ ಮಾರ್ಚ್ ತಿಂಗಳು. ಇರಾಕಿನ ಮೇಲೆ ಯುದ್ಧ ಇಂದೋ ನಾಳೆಯೋ ಎನ್ನುವಂತಿತ್ತು. ಶುರುವಾದರೆ ಅಲ್ಲಿಂದ ಕುವೈತಿನ ಮೇಲೆ ಕ್ಷಿಪಣಿಗಳು ಬರುತ್ತವೆ, ಅವುಗಳಲ್ಲಿ ವಿಷದ ಗಾಳಿ ತುಂಬಿರುತ್ತದೆ ಎಂಬ ಮಾತು ಅವರಿದ್ದ ಖೈತಾನ್ ಬಡಾವಣೆಯ ಪ್ರತಿ ಅಂಗಡಿಯಲ್ಲೂ ಕೇಳುತ್ತಿತ್ತು. ಅವರ ಬಿಲ್ಡಿಂಗಿನಲ್ಲಿ ಎಷ್ಟೋ ಮನೆಗಳಿಗೆ ಆಗಲೇ ಬೀಗ ಬಿದ್ದಿತ್ತು. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಗಂಡಸರಷ್ಟೇ ಉಳಿದುಕೊಂಡಿದ್ದರು. ಬಸವಂತ ಅಹ್ಮದಿಯಲ್ಲಿ ಎಣ್ಣೆ ಕಂಪನಿಯೊಂದರ ಟೆಕ್ನಿಶಿಯನ್. ಯುದ್ಧ ಶುರುವಾದ ಕೂಡಲೇ ಅವನ ತಂಡದವರು ಕಂಪನಿಯ ಕಾಂಪೌಂಡಿನೊಳಗೇ ಉಳಿಯಬೇಕೆಂದು ಮೇಲಿನವರು ಹೇಳಿದ್ದರು. ಅಷ್ಟು ದಿನ ಹೆಂಡತಿ ಒಬ್ಬಳೇ ಇರುವುದು ಸಾಧ್ಯವಿಲ್ಲ ಎಂದು ಅವನು ಟಿಕೆಟ್ ತಂದಿದ್ದ.

ಮಂಗಳಾ ಧೈರ್ಯದ ಹೆಂಗಸಲ್ಲ. ಲಿಫ್ಟಿನಲ್ಲಿ ಒಬ್ಬಳೇ ಹತ್ತುತ್ತಿರಲಿಲ್ಲ. ಕುಕ್ಕರ್ ಸೀಟಿ ಹೊಡೆಯುವಾಗ ಅಡುಗೆಮನೆಯ ಬಾಗಿಲಾಚೆ ನಿಲ್ಲುವವಳು. ಗದಗಿನಲ್ಲಿದ್ದ ಅವಳ ತಾಯಿ ದಿನಾ ಫೋನು ಮಾಡಿ ಅಳುತ್ತಿದ್ದಳು. ಆದರೂ ಆ ದಿನ ಅವಳು ಟಿಕೆಟ್ಟನ್ನು ಮುಟ್ಟಲೂ ಇಲ್ಲ.

"ಬೆಲ್ಲಗ ಗುಳಿಗಿ ಯಾರು ಹಾಕ್ತಾರ್ರೀ?" ಎಂದು ಕೇಳಿದಳು.

"ಅದೊಂದು ಪ್ರಾಣಿ, ಮಂಗಳಾ. ನಿನ್ನ ಜೀವಕ್ಕಿಂತ ಹೆಚ್ಚಿಂದೇನು?"

"ಹೆಚ್ಚಂತ ನಾ ಅನ್ನಲಿಲ್ಲ. ನಾ ಇಲ್ಲಿದ್ರ ಏನಾಕ್ಕೈತೋ ಯಾರಿಗೂ ಗೊತ್ತಿಲ್ಲ. ನಾ ಹೋದ್ರ ಅಂವ ಸಾಯೂದಂತೂ ಖರೇ."

ಬಸವಂತ ಮರುದಿನ ಟಿಕೆಟ್ ವಾಪಸು ಕೊಟ್ಟು ಬಂದ. ಬರುವಾಗ ದಪ್ಪ ಪ್ಲಾಸ್ಟಿಕ್ ಹಾಳೆ, ಅಗಲವಾದ ಅಂಟು ಟೇಪು, ನೀರಿನ ಕ್ಯಾನುಗಳನ್ನು ಹೊತ್ತು ತಂದ.

ಬೆಲ್ಲ ಮತ್ತು ಬೆಣ್ಣಿ ಅವರ ಮನೆಗೆ ಬಂದದ್ದು ಅದಕ್ಕೂ ಒಂದೂವರೆ ವರ್ಷ ಮುಂಚೆ. ಬಸವಂತನ ಮೇಲಧಿಕಾರಿಯಾಗಿದ್ದ ಸ್ಕಾಟ್ಲೆಂಡಿನ ಮುದುಕನೊಬ್ಬ ನೌಕರಿ ಮುಗಿಸಿ ಊರಿಗೆ ಹೊರಟಾಗ ಅವನ ಹೆಂಡತಿ ಒಂದು ಎತ್ತರದ ಪಂಜರವನ್ನು ಬಸವಂತನ ಕಾರಿಗೆ ಏರಿಸಿ, ಒಳ್ಳೆಯವರ ಕೈಗೆ ಕೊಟ್ಟೆನೆಂಬ ಸಮಾಧಾನ ತನಗಿರಲಿ ಎಂದು ಕಣ್ಣೊರೆಸಿಕೊಂಡಿದ್ದಳು. ಒಳಗಿದ್ದವು ಎರಡು ಫೆರೆಟ್‌ಗಳು. ನೋಡಿದರೆ ಮುಂಗುಸಿಯ ದಾಯಾದಿಗಳಂತೆ ಉದ್ದನೆಯ ಮೈ, ಗಿಡ್ಡ ಕಾಲು, ಮೂತಿಯ ಮೇಲೆ ಉದ್ದ ಮೀಸೆ. ಕಂದು ಬಣ್ಣದ ಗಂಡು, ತಿಳಿ ಹಳದಿ ಬಿಳುಪಿನ ಹೆಣ್ಣು. ಮುದುಕಿ ಇಟ್ಟ ಹೆಸರುಗಳು ನಾಲಿಗೆಗೆ ಹೊರಳದೆ ಮಂಗಳಾ ಅವುಗಳನ್ನು ಬಣ್ಣ ನೋಡಿ ಕರೆದಳು.

ಮದುವೆಯಾಗಿ ಕುವೈತಿಗೆ ಬಂದು ಅವಳಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಮೊದಲ ದಿನ ಪಂಜರದ ಹತ್ತಿರ ಹೋಗಲೇ ಇಲ್ಲ. ಎರಡನೆಯ ದಿನ ಇಣುಕಿ ನೋಡಿದರೆ ಬೆಲ್ಲ ಕಾಲು ಚಾಚಿ ಬಿದ್ದಿದ್ದ. ಕಡ್ಡಿಯಿಂದ ತಿವಿದಳು, ಕೂಗಿದಳು, ಅಲುಗಲಿಲ್ಲ. ಸತ್ತುಹೋಯಿತೆಂದು ಅಳುತ್ತಾ ಮೇಲಿನ ಮಹಡಿಯ ಬೆಟ್ಟಿ ಅಕ್ಕನನ್ನು ಕರೆತಂದಳು. ಬೆಟ್ಟಿ ಮಂಗಳೂರಿನ ಕಡೆಯವಳು, ಸರಕಾರಿ ಆಸ್ಪತ್ರೆಯಲ್ಲಿ ನರ್ಸು, ಮದುವೆಯಾಗದೆ ಒಬ್ಬಳೇ ಇದ್ದವಳು. ಅವಳು ಬೆಲ್ಲನನ್ನು ಎತ್ತಿ ಅಂಗೈ ಮೇಲೆ ಹಾಕಿಕೊಂಡಳು. ಹಸಿ ಬಟ್ಟೆಯ ಹಾಗೆ ಜೋತುಬಿದ್ದಿದ್ದ ಪ್ರಾಣಿ ನಿಧಾನಕ್ಕೆ ಬಾಯಿ ತೆರೆದು ಆಕಳಿಸಿತು. ಅದು ನಿದ್ದೆಯಂತೆ. ಬೆಟ್ಟಿ ಎಷ್ಟು ನಕ್ಕಳೆಂದರೆ ಮಂಗಳಾಳಿಗೂ ಅಳು ನಿಂತು ನಗು ಬಂತು.

ಊಟದ ವಿಷಯ ಮಾತ್ರ ನಗುವ ಮಾತಾಗಿರಲಿಲ್ಲ. ಲಿಂಗಾಯತರ ಮನೆಯಲ್ಲಿ ಬೆಳೆದ ಮಂಗಳಾ ತತ್ತಿಯನ್ನೂ ಮುಟ್ಟಿದವಳಲ್ಲ. ಹಾಲು ರೊಟ್ಟಿ ಕಲಸಿ ಇಟ್ಟಳು. ಎರಡಕ್ಕೂ ಹೊಟ್ಟೆ ಕೆಟ್ಟಿತು. "ಅದಕ್ಕೆ ಮಾಂಸವೇ ಆಗ್ಬೇಕು ಮಾರಾಯ್ತಿ, ನಿನ್ನ ರೊಟ್ಟಿ ತಿಂದು ಬದುಕುವ ಜಾತಿ ಅಲ್ಲ ಇದು," ಎಂದು ಬೆಟ್ಟಿ ತನ್ನ ಒಲೆಯ ಮೇಲೆ ಕೋಳಿ ಬೇಯಿಸಿ, ನುಣ್ಣಗೆ ಅರೆದು ಡಬ್ಬಿಯಲ್ಲಿ ತಂದುಕೊಡತೊಡಗಿದಳು. ಮಂಗಳಾ ಮೂಗಿಗೆ ಸೆರಗು ಹಿಡಿದು, ಉದ್ದನೆಯ ಚಮಚದಿಂದ ಅದನ್ನು ತಟ್ಟೆಗೆ ಹಾಕುತ್ತಿದ್ದಳು. ಕೆಲವು ವಾರಗಳಲ್ಲಿ ಸೆರಗು ಬಿಟ್ಟಳು, ಆಮೇಲೆ ಚಮಚವನ್ನೂ ಬಿಟ್ಟಳು.

ಸಂಜೆ ಪಂಜರದ ಬಾಗಿಲು ತೆರೆದರೆ ಮನೆ ಮನೆಯಾಗಿರುತ್ತಿರಲಿಲ್ಲ. ಬೆಣ್ಣಿ ಬೆನ್ನನ್ನು ಕಮಾನು ಮಾಡಿ, ಬಾಯಿ ತೆರೆದು, ಅಡ್ಡಡ್ಡವಾಗಿ ಕುಪ್ಪಳಿಸುತ್ತಾ ಗೋಡೆಗೂ ಸೋಫಾಕ್ಕೂ ಢಿಕ್ಕಿ ಹೊಡೆಯುತ್ತಿದ್ದಳು. ಬೆಲ್ಲ ಅವಳ ಹಿಂದೆ. ಖುಷಿಯಾದಾಗ ಎರಡೂ ಗಂಟಲೊಳಗೇ ಡುಕ್ ಡುಕ್ ಎನ್ನುತ್ತಿದ್ದವು, ಗಡಿಗೆಯಲ್ಲಿ ಅಂಬಲಿ ಕುದಿಯುವ ಹಾಗೆ. ಬಸವಂತನ ಕಾಲುಚೀಲಗಳು ಒಂದೊಂದೇ ಮಾಯವಾದವು. ಬೆಟ್ಟಿಯ ಜಪಸರ ಫ್ರಿಜ್ಜಿನ ಹಿಂದೆ ಸಿಕ್ಕಿತು. ಮಂಗಳಾ ಕಸೂತಿ ಹಾಕುತ್ತಾ ಕೂತರೆ ಬೆಲ್ಲ ಅವಳ ಸ್ವೆಟರಿನ ತೋಳಿನೊಳಗೆ ನುಗ್ಗಿ, ಕುತ್ತಿಗೆಯ ಹತ್ತಿರ ತಲೆ ಹೊರಹಾಕಿ ಮಲಗುತ್ತಿದ್ದ. ಅವನ ಮೈಗೆ ಒಂದು ಥರದ ಕಮಟು ವಾಸನೆ. ಮೊದಮೊದಲು ಹೇಸುತ್ತಿದ್ದ ಆ ವಾಸನೆ ಬರಬರುತ್ತಾ ಅವಳಿಗೆ ಮನೆಯ ವಾಸನೆಯೇ ಆಗಿಹೋಯಿತು. ಬಸವಂತ ಅವುಗಳನ್ನು ಅದು ಎನ್ನುತ್ತಿದ್ದ. ಮಂಗಳಾ ಅಂವ, ಅಕಿ ಎನ್ನುತ್ತಿದ್ದಳು.

ಯುದ್ಧಕ್ಕೆ ಮುಂಚಿನ ಚಳಿಗಾಲದಲ್ಲಿ ಬೆಲ್ಲ ಬದಲಾದ. ಆಡುತ್ತಿದ್ದವನು ತಟ್ಟನೆ ನಿಂತು ಗೋಡೆಯನ್ನು ದಿಟ್ಟಿಸುತ್ತಿದ್ದ. ಹಿಂಗಾಲು ಎಳೆಯುತ್ತಿದ್ದ, ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ಮೈದಾನ್ ಹವಲ್ಲಿಯಲ್ಲಿ ಒಬ್ಬ ಸುಡಾನಿ ಪಶುವೈದ್ಯ ರಕ್ತ ನೋಡಿ, ಹೊಟ್ಟೆಯೊಳಗಿನ ಗ್ರಂಥಿಯಲ್ಲಿ ಗಂಟು ಬೆಳೆದಿದೆ, ಅದರಿಂದ ಮೈಯ ಸಕ್ಕರೆ ಇಳಿದುಹೋಗುತ್ತಿದೆ ಎಂದ. ವಾಸಿಯಾಗುವ ರೋಗವಲ್ಲ. ದಿನಕ್ಕೆ ಎರಡು ಹೊತ್ತು ಗುಳಿಗೆ, ಸ್ವಲ್ಪ ಸ್ವಲ್ಪ ಹೊತ್ತಿಗೆ ಮಾಂಸ. ಹೊಟ್ಟೆ ಖಾಲಿ ಬಿಡುವ ಹಾಗಿಲ್ಲ. ಒಂದು ವೇಳೆ ಮೂರ್ಛೆ ಬಂದರೆ ಒಸಡಿಗೆ ಜೇನುತುಪ್ಪ ಸವರಬೇಕು, ಎಚ್ಚರಾದ ಕೂಡಲೇ ತಿನ್ನಿಸಬೇಕು. ಮಂಗಳಾ ಅದನ್ನೆಲ್ಲ ಬಾಯಿಪಾಠ ಮಾಡಿಕೊಂಡಳು. ಇಂಥದನ್ನು ಬಿಟ್ಟು ಹೋಗುವುದು ಹೇಗೆಂಬುದೇ ಅವಳ ಪ್ರಶ್ನೆಯಾಗಿತ್ತು.

ಬಸವಂತ ಮಲಗುವ ಕೋಣೆಯ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತಲೂ ಟೇಪು ಬಡಿದ. ಎಸಿಯ ಸಂದುಗಳನ್ನೂ ಮುಚ್ಚಿದ. ಸೈರನ್ ಆದ ಕೂಡಲೇ ಒಳಗೆ ಹೋಗಿ ಬಾಗಿಲಿನ ಅಂಚಿಗೂ ಟೇಪು ಹಚ್ಚಿ, ಕೆಳಗೆ ಒದ್ದೆ ಟವೆಲು ತುರುಕಬೇಕೆಂದು ಮಾಡಿ ತೋರಿಸಿದ. ನೆಲದ ಮೇಲೆ ಕೂತು ಇದನ್ನೆಲ್ಲ ಹೇಳುವಾಗ ಹಚ್ಚಿದ್ದ ಟೇಪನ್ನೇ ಅವನು ಮತ್ತೆ ಮತ್ತೆ ಒತ್ತುತ್ತಿದ್ದುದನ್ನು ಅವಳು ನೋಡಿದಳು, ನೋಡದಂತೆ ಇದ್ದಳು. ಎರಡು ದಿನದಲ್ಲಿ ಕಂಪನಿಯ ವ್ಯಾನು ಬಂದು ಅವನನ್ನು ಕರೆದೊಯ್ದಿತು.

ಮೊದಲ ಸೈರನ್ ಕೂಗಿದ್ದು ಹಗಲಿನಲ್ಲಿ, ಅವಳು ನಡುಮನೆಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ. ಟೀವಿಯಲ್ಲಿ ಮಾದರಿಗೆಂದು ಕೇಳಿಸಿದ್ದ ಸದ್ದೇ ಆದರೂ ಅದು ಊರಿಗೆ ಊರೇ ನರಳಿದಂತೆ ಕೇಳಿಸಿತು. ಕೈಯಲ್ಲಿದ್ದ ಬಟ್ಟೆ ಬಿಟ್ಟು ಅವಳು ಓಡಿ ಬೆಲ್ಲನನ್ನು ಎತ್ತಿಕೊಂಡಳು. ಬೆಣ್ಣಿ ಪಂಜರದಲ್ಲಿರಲಿಲ್ಲ. ಸೋಫಾದ ಕೆಳಗೆ, ಕಪಾಟಿನಲ್ಲಿ, ಹಾಸಿಗೆಯ ಪೆಟ್ಟಿಗೆಯಲ್ಲಿ ಹುಡುಕಿದಳು. ಸೈರನ್ ಏರುತ್ತಾ ಇಳಿಯುತ್ತಾ ಇತ್ತು. ಮೆಟ್ಟಿಲ ಮೇಲೆ ಯಾರೋ ಧಡಧಡ ಓಡಿದರು. ಬಾಗಿಲು ಹಾಕಿಕೊಂಡು ಒಳಗೆ ಹೋಗಿಬಿಡಬೇಕೆಂದು ಅವಳ ಮೈಯೆಲ್ಲ ಹೇಳುತ್ತಿತ್ತು. ಕೊನೆಗೆ ವಾಷಿಂಗ್ ಮಶೀನಿನ ಹಿಂದಿನಿಂದ ಬೆಣ್ಣಿಯ ಬಾಲ ಕಂಡಿತು. ಎಳೆದು ತೆಗೆದು, ಎರಡನ್ನೂ ದಿಂಬಿನ ಚೀಲಕ್ಕೆ ಹಾಕಿಕೊಂಡು ಕೋಣೆ ಸೇರಿ ಟೇಪು ಹಚ್ಚಿದಳು. ಬೆರಳು ಟೇಪಿಗೆ ಅಂಟಿ, ಟೇಪು ಟೇಪಿಗೆ ಅಂಟಿ, ಅರ್ಧ ಅಂಚು ಹಾಗೇ ಉಳಿಯಿತು. ಅಪಾಯ ಮುಗಿಯಿತೆಂಬ ಸೈರನ್ ಬರುವವರೆಗೂ ಅವಳು ಮೂಲೆಯಲ್ಲಿ ಮೊಣಕಾಲಿಗೆ ಹಣೆಯಿಟ್ಟು ಕೂತಿದ್ದಳು. ಬೆಲ್ಲ ಅವಳ ತೋಳಿನೊಳಗೆ ನುಗ್ಗಿ ಮಲಗಿಬಿಟ್ಟಿದ್ದ. ಅವನ ಬೆಚ್ಚನೆಯ ಹೊಟ್ಟೆ ಅವಳ ಮೈಗೆ ತಾಗಿ ಏರುತ್ತಿತ್ತು, ಇಳಿಯುತ್ತಿತ್ತು. ಹೊರಗೆ ಏನೇ ಆಗುತ್ತಿರಲಿ, ಆ ಉಸಿರಿನ ಲೆಕ್ಕ ಹಿಡಿದು ಅವಳೂ ಉಸಿರಾಡಿದಳು.

ಆಮೇಲೆ ದಿನದಲ್ಲಿ ಹಲವು ಸಲ ಸೈರನ್ ಕೂಗುವುದು ರೂಢಿಯಾಯಿತು. ಅಂಜಿಕೆ ರೂಢಿಯಾಗಲಿಲ್ಲ. ನೀರು ಕಾಯುವ ಸದ್ದಿಗೂ ಬೆಚ್ಚುತ್ತಿದ್ದಳು. ಸ್ನಾನಕ್ಕೆ ಹೋದರೆ ಬಾಗಿಲು ತೆರೆದಿಟ್ಟೇ ನೀರು ಸುರಿದುಕೊಳ್ಳುತ್ತಿದ್ದಳು. ಬಸವಂತನ ಫೋನು ಸಿಗುತ್ತಿದ್ದುದು ಅಪರೂಪ. ಸಿಕ್ಕರೂ ಇಬ್ಬರೂ ಚೆನ್ನಾಗಿದ್ದೇವೆಂದು ಒಬ್ಬರಿಗೊಬ್ಬರು ಸುಳ್ಳು ಹೇಳಿ ಇಡುತ್ತಿದ್ದರು.

ಬೆಟ್ಟಿ ಆಸ್ಪತ್ರೆಯಲ್ಲೇ ಉಳಿಯಬೇಕಾಗಿ ಬಂತು. ಹೋಗುವ ಮುಂಚೆ ಅವಳು ಕೊಟ್ಟಿದ್ದ ಕೋಳಿಯ ಡಬ್ಬಿ ಖಾಲಿಯಾದ ದಿನ ಮಂಗಳಾ ಅಂಗಡಿಗೆ ಹೋಗಿ, ಮುಖ ಬೇರೆ ಕಡೆ ತಿರುಗಿಸಿ, ಒಂದು ಕೋಳಿ ಕೊಂಡಳು. ಅಡುಗೆಮನೆಯಲ್ಲಿ ಅದನ್ನು ಬಟ್ಟಲಿಗೆ ಹಾಕಿ ಬಹಳ ಹೊತ್ತು ನೋಡುತ್ತಾ ನಿಂತಳು. ಗೂಡಿನಲ್ಲಿದ್ದ ಲಿಂಗದ ಪಟಕ್ಕೆ ಪರದೆ ಎಳೆದಳು. ಆಮೇಲೆ ತೊಳೆದಳು, ಬೇಯಿಸಿದಳು, ಎಲುಬು ಬಿಡಿಸಿದಳು. ನಡುವೆ ಸೈರನ್ ಆಯಿತು. ಒಲೆ ಆರಿಸಿ ಕೋಣೆಗೆ ಓಡಿ, ಮುಗಿದ ಮೇಲೆ ಬಂದು ಮತ್ತೆ ಹಚ್ಚಿದಳು. ಬೆಲ್ಲ ಅವಳ ಬೆರಳಿನಿಂದ ನೆಕ್ಕಿ ನೆಕ್ಕಿ ತಿಂದ. ತನ್ನ ಕೈಗೆ ಹತ್ತಿದ ವಾಸನೆ ಹೋಗಲೆಂದು ಅವಳು ಮತ್ತೆ ಮತ್ತೆ ಸಾಬೂನು ಹಚ್ಚಿದಳು. ಆದರೆ ಮಾಡಿದ್ದಕ್ಕೆ ಮನಸ್ಸು ಹೊಯ್ದಾಡಲಿಲ್ಲ.

ಬಿಲ್ಡಿಂಗ್ ನೋಡಿಕೊಳ್ಳುವ ಹಾರಿಸ್, ಅಂದರೆ ಕಾವಲುಗಾರ, ಅಬ್ದುಲ್ ಹಕೀಂ ಎಂಬ ಈಜಿಪ್ಟಿನವನು. ನೀರಿನ ಮೋಟಾರು ಹಾಕಲು ಬಂದವನು ಒಮ್ಮೆ ಅವಳ ಬಾಗಿಲಲ್ಲಿ ನಿಂತು, ಅರಬ್ಬಿಯನ್ನೂ ಹಿಂದಿಯನ್ನೂ ಕಲಸಿ ಒಂದು ಮಾತು ಹೇಳಿದ. ಅಮೆರಿಕದ ಸೈನಿಕರು ಗಾಡಿಗಳಲ್ಲಿ ಕೋಳಿಗಳನ್ನು ಇಟ್ಟುಕೊಂಡಿದ್ದಾರಂತೆ. ವಿಷದ ಗಾಳಿ ಬಂದರೆ ಮನುಷ್ಯನಿಗಿಂತ ಮೊದಲು ಅವು ಬೀಳುತ್ತವೆ. ನಿಮ್ಮ ಮನೆಯಲ್ಲಿ ಹೇಗೂ ಎರಡು ಪ್ರಾಣಿಗಳಿವೆ, ಕಿಟಕಿಯ ಹತ್ತಿರ ಇಡಿ, ಅವು ಬಿದ್ದರೆ ನಮಗೂ ಕೂಗಿ ಹೇಳಿ. ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ. ಕೆಳಗಿನ ಕೋಣೆಯಲ್ಲಿ ಅವನೂ ಒಬ್ಬನೇ ಅಂಜಿಕೊಂಡಿದ್ದ. ಮಂಗಳಾ ಬಾಗಿಲು ಹಾಕಿಕೊಂಡಳು.

ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ. ಅಂದಿನಿಂದ ಸೈರನ್ ಆದಾಗಲೆಲ್ಲ ಅವಳ ಕಣ್ಣು ಬೆಲ್ಲನ ಹೊಟ್ಟೆಯ ಮೇಲೆ ನೆಡುತ್ತಿತ್ತು. ಮೊದಲು ಅವನ ಉಸಿರು ಅವಳಿಗೆ ಸಮಾಧಾನವಾಗಿತ್ತು. ಈಗ ಅದು ನಿಂತರೆ ತಾನೂ ಸತ್ತಂತೆ ಎಂದು ನೋಡುವ ಹಾಗಾಯಿತು. ಹಾಗೆ ನೋಡುವುದಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು, ಆದರೂ ಬಿಡಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬೆಲ್ಲನಿಗೆ ತಿನ್ನಿಸಲು ಡಬ್ಬಿ ತೆರೆಯುತ್ತಿದ್ದಾಗ ಸೈರನ್ ಆಯಿತು. ಡಬ್ಬಿಯನ್ನೂ ಜೇನಿನ ಬಾಟಲಿಯನ್ನೂ ಅಡುಗೆಮನೆಯ ಕಟ್ಟೆಯ ಮೇಲೇ ಬಿಟ್ಟು ಬೆಲ್ಲನನ್ನೂ ಬೆಣ್ಣಿಯನ್ನೂ ಎತ್ತಿಕೊಂಡು ಓಡಿದಳು. ಈಗ ಟೇಪು ಹಚ್ಚುವುದು ಕೈಗೆ ಬಂದಿತ್ತು. ಅಂಚಿನಿಂದ ಅಂಚಿಗೆ ಬಿಗಿಯಾಗಿ ಹಚ್ಚಿ, ಟವೆಲು ತುರುಕಿ ಕೂತಳು. ಈ ಸಲ ಅಪಾಯ ಮುಗಿದ ಸೈರನ್ ಬೇಗ ಬರಲಿಲ್ಲ. ಎಲ್ಲೋ ದೂರದಲ್ಲಿ ಧಡ್ ಎಂಬ ಸದ್ದಾಗಿ ಕಿಟಕಿಯ ಗಾಜು ನಡುಗಿತು. ಪ್ಲಾಸ್ಟಿಕ್ ಹಾಳೆ ಉಬ್ಬಿ ಇಳಿಯಿತು.

ಆ ಸದ್ದಿಗೆ ಬೆಲ್ಲ ಅವಳ ತೊಡೆಯಿಂದ ಇಳಿದು ಎರಡು ಹೆಜ್ಜೆ ಇಟ್ಟು ಉರುಳಿಬಿದ್ದ. ಕಾಲುಗಳು ಸೆಟೆದುಕೊಂಡವು. ಬಾಯಿಂದ ನೊರೆ ಬಂತು. ಕತ್ತು ಹಿಂದಕ್ಕೆ ಬಾಗಿ, ಒಂದು ಸಣ್ಣ ಕೀರಲು ದನಿ ಹೊರಟಿತು.

ಬಂತು ಎಂದುಕೊಂಡಳು ಮಂಗಳಾ. ಗಾಳಿ ಒಳಗೆ ಬಂತು.

ಅವಳು ಪಕ್ಕದಲ್ಲಿ ಇಟ್ಟುಕೊಂಡಿದ್ದ ಒದ್ದೆ ಬಟ್ಟೆಯನ್ನು ಮೂಗಿಗೆ ಒತ್ತಿ ಹಿಡಿದು ಉಸಿರು ಕಟ್ಟಿದಳು. ತಾಯಿಯ ಮುಖ, ಟೇಪು ಒತ್ತುವ ಬಸವಂತನ ಕೈ, ಗದಗಿನ ಮನೆಯ ಪಡಸಾಲೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಕಣ್ಣು ಉರಿಯುತ್ತಿದೆ ಅನ್ನಿಸಿತು. ಗಂಟಲು ಕಟ್ಟುತ್ತಿದೆ ಅನ್ನಿಸಿತು. ಮೊಬೈಲು ಒತ್ತಿದರೆ ಬರೀ ಕುಂಯ್ ಎಂಬ ಸದ್ದು. ಇನ್ನು ಉಸಿರು ಹಿಡಿಯಲಾರೆ ಎನ್ನುವಾಗ ಅವಳ ಕಾಲಿನ ಹತ್ತಿರ ಚರಚರ ಸದ್ದಾಯಿತು.

ಬೆಣ್ಣಿ ಬಾಗಿಲ ಅಂಚಿನ ಟೇಪನ್ನು ಉಗುರಿನಿಂದ ಕೆರೆದು ಎಬ್ಬಿಸುತ್ತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಟೇಪು ಮೂತಿಗೆ ಅಂಟಿದ್ದಕ್ಕೆ ಸಿಟ್ಟಾಗಿ ಸೀನಿ, ಹಿಂದಕ್ಕೆ ಕುಪ್ಪಳಿಸಿ ಮತ್ತೆ ಬಂದು ಕೆರೆದಳು.

ಮಂಗಳಾ ಬಟ್ಟೆ ಕೆಳಗಿಳಿಸಿದಳು. ಉಸಿರು ಎಳೆದುಕೊಂಡಳು. ಕೈಗೆ ಹತ್ತಿದ ಕೋಳಿಯ ವಾಸನೆ, ಟೇಪಿನ ಅಂಟಿನ ವಾಸನೆ, ಅಷ್ಟೇ. ಗಾಳಿ ಬಂದಿಲ್ಲ. ಇದು ಸಕ್ಕರೆ ಇಳಿದದ್ದು. ಮತ್ತು ಜೇನು ಹೊರಗಿದೆ.

ಅಪಾಯ ಮುಗಿದ ಸೈರನ್ ಇನ್ನೂ ಆಗಿರಲಿಲ್ಲ. ಟೇಪು ಕಿತ್ತರೆ, ಒಂದು ವೇಳೆ ಈಗಲೇ ಗಾಳಿ ಬಂದರೆ ಎಂಬ ಯೋಚನೆ ಬಂತು. ಬಾಗಿಲ ಹಿಡಿ ಹಿಡಿದು ನಿಂತಳು. ಬೆಲ್ಲನ ಕಾಲುಗಳು ನೆಲಕ್ಕೆ ಬಡಿಯುತ್ತಿದ್ದವು. ಅವಳು ಕಣ್ಣು ಮುಚ್ಚಿ ಟೇಪನ್ನು ಒಂದೇ ಸಲಕ್ಕೆ ಕಿತ್ತಳು. ನಡುಮನೆ ದಾಟುವಾಗ ಇನ್ನೊಂದು ಧಡ್ ಸದ್ದಾಯಿತು, ಮೊದಲಿನದಕ್ಕಿಂತ ಹತ್ತಿರ. ಅವಳು ಅಲ್ಲೇ ನೆಲಕ್ಕೆ ಕುಸಿದಳು, ಮೊಣಕಾಲ ಮೇಲೆ ತೆವಳಿ ಅಡುಗೆಮನೆ ತಲುಪಿದಳು, ಬಾಟಲಿಯನ್ನೂ ಡಬ್ಬಿಯನ್ನೂ ಎದೆಗವಚಿಕೊಂಡು ತೆವಳುತ್ತಲೇ ಬಂದಳು. ಬಾಗಿಲು ಮುಚ್ಚಿದಳು, ಟೇಪು ಹಚ್ಚಲು ಸಮಯವಿರಲಿಲ್ಲ. ಬೆರಳಿಗೆ ಜೇನು ಹಚ್ಚಿ ಬೆಲ್ಲನ ಒಸಡಿಗೆ ಸವರಿದಳು. ಹಲ್ಲು ಅವಳ ಬೆರಳಿನೊಳಗೆ ಇಳಿಯಿತು. ರಕ್ತವೂ ಜೇನೂ ಕೂಡಿತು. ಅವಳು ಬೆರಳು ತೆಗೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಕಾಲುಗಳು ಸಡಿಲಾದವು. ಇನ್ನೂ ಸ್ವಲ್ಪ ಹೊತ್ತಿಗೆ ಬೆಲ್ಲ ತಲೆ ಎತ್ತಿ, ಯಾರೆಂದು ತಿಳಿಯದವನಂತೆ ಅವಳನ್ನು ನೋಡಿ, ನಾಲಿಗೆಯಿಂದ ಬೆರಳು ನೆಕ್ಕಿದ. ಅವಳು ಕೋಳಿ ತಿನ್ನಿಸಿದಳು. ಅಪಾಯ ಮುಗಿದ ಸೈರನ್ ಯಾವಾಗ ಆಯಿತೋ ಅವಳಿಗೆ ತಿಳಿಯಲಿಲ್ಲ.

ಬೆಲ್ಲ ಆಮೇಲೆ ಕೆಲವೇ ದಿನ ಇದ್ದ. ಪಶುವೈದ್ಯ ಬಾಗಿಲು ಹಾಕಿಕೊಂಡು ದೇಶ ಬಿಟ್ಟಿದ್ದ. ಬೆಟ್ಟಿ ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದವಳು ಅವನನ್ನು ಮುಟ್ಟಿ ನೋಡಿದಳು. ಅವನು ತಿನ್ನುವುದನ್ನು ಬಿಟ್ಟಿದ್ದ. ಗುಳಿಗೆಯನ್ನು ಪುಡಿಮಾಡಿ ಕೊಟ್ಟರೂ ಉಗುಳುತ್ತಿದ್ದ.

"ಇನ್ನು ಅದಕ್ಕೆ ಹಿಂಸೆ ಕೊಡ್ಬೇಡ ಮಂಗಳಾ," ಎಂದಳು ಬೆಟ್ಟಿ. "ಬೆಚ್ಚಗೆ ಹಿಡ್ಕೊಂಡು ಕೂತ್ಕೋ. ಅಷ್ಟೇ ಅದಕ್ಕೆ ಬೇಕಾದ್ದು."

"ಸೈರನ್ ಆದಾಗ ಅಂವ ಹೋದ್ರ ಏನು ಮಾಡ್ಲಿ ಅಕ್ಕಾ? ನನಗ ಒಬ್ಬಾಕಿಗೇ ಅಂಜಿಕಿ ಬರ್ತೈತಿ."

ಬೆಟ್ಟಿ ಗಡಿಯಾರ ನೋಡಿದಳು. ಕೆಳಗೆ ಆಸ್ಪತ್ರೆಯ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಅವಳು ಚೀಲ ಕೆಳಗಿಟ್ಟು, ಕಿಟಕಿಯಿಂದ ಡ್ರೈವರನಿಗೆ ಸ್ವಲ್ಪ ತಾಳೆಂದು ಕೈಮಾಡಿ, ಬಂದು ಮಂಗಳಾಳ ಪಕ್ಕ ನೆಲದ ಮೇಲೆ ಕೂತಳು. ಬೆಲ್ಲನ ಹೊಟ್ಟೆ ಏರಿತು, ಇಳಿಯಿತು. ಮತ್ತೆ ಏರುವುದಕ್ಕೆ ತಡವಾಯಿತು. ಮಂಗಳಾ ಕಾದಳು. ಬೆಟ್ಟಿ ಎರಡು ಬೆರಳನ್ನು ಅವನ ಎದೆಯ ಕೆಳಗಿಟ್ಟು ನೋಡಿ, ಮೆಲ್ಲಗೆ ತಲೆಯಾಡಿಸಿದಳು. ಹೊರಗೆ ಯಾವ ಸದ್ದೂ ಇರಲಿಲ್ಲ.

ಮಂಗಳಾ ಜೋರಾಗಿ ಅಳಲಿಲ್ಲ. ಟೀವಿಯಲ್ಲಿ ದಿನಾ ಗಡಿಯಾಚೆಯ ಸಾವುಗಳನ್ನು ತೋರಿಸುತ್ತಿದ್ದರು. ಮಕ್ಕಳನ್ನು ಎತ್ತಿಕೊಂಡು ಓಡುವ ತಾಯಂದಿರನ್ನು ತೋರಿಸುತ್ತಿದ್ದರು. ಇಂಥ ಹೊತ್ತಿನಲ್ಲಿ ಒಂದು ಪ್ರಾಣಿಗೆ ಅಳುವುದು ಪಾಪವೇನೋ ಎಂದು ಅವಳು ಬೆಟ್ಟಿಯನ್ನು ಕೇಳಿದಳು. ಆಸ್ಪತ್ರೆಯಲ್ಲಿ ತಾನು ನೋಡುವ ಸಾವುಗಳಲ್ಲಿ ಯಾವುದೂ ಇನ್ನೊಂದರ ಪಾಲಿನ ಕಣ್ಣೀರು ತಿನ್ನುವುದಿಲ್ಲ ಎಂದು ಬೆಟ್ಟಿ ಹೇಳಿ, ಅವಳ ತಲೆ ಸವರಿ ವ್ಯಾನಿಗೆ ಇಳಿದುಹೋದಳು.

ಹೂಳುವುದು ಎಲ್ಲಿ ಎಂಬುದೇ ಗೊತ್ತಾಗಲಿಲ್ಲ. ಸುತ್ತಲೂ ಡಾಂಬರು, ಸಿಮೆಂಟು. ಕಸದ ಡಬ್ಬಿಗೆ ಹಾಕುವ ಮಾತೇ ಇಲ್ಲ. ಅವಳು ಬೆಲ್ಲನ ಹಣೆಗೆ ವಿಭೂತಿ ಹಚ್ಚಿ, ತವರಿನಿಂದ ತಂದಿದ್ದ ಖಣದ ತುಂಡಿನಲ್ಲಿ ಸುತ್ತಿ, ಎದೆಗೆ ಹಿಡಿದು ಮೆಟ್ಟಿಲಿಳಿದಳು. ಅಬ್ದುಲ್ ಹಕೀಂ ಬಾಗಿಲಲ್ಲಿ ಕೂತಿದ್ದ. ಗಂಟನ್ನು ನೋಡಿದವನೇ ಅವನು ಬಿಳಿಚಿಕೊಂಡು ಎದ್ದು ಮೂಗಿಗೆ ರುಮಾಲು ಒತ್ತಿದ. ಗಾಳಿಯಲ್ಲ, ರೋಗ ಎಂದು ಅವಳು ಮತ್ತೆ ಮತ್ತೆ ಹೇಳಬೇಕಾಯಿತು. ಅವನಿಗೆ ಅರ್ಥವಾದಾಗ ಅವಳ ಮುಖ ನೋಡಲಾಗದೆ ತಲೆ ತಗ್ಗಿಸಿದ. ಆಮೇಲೆ ಹಿಂದಿನ ಗೋಡೆಯ ಬದಿಯಲ್ಲಿ ತಾನು ಪುದೀನಾ ಬೆಳೆಸುತ್ತಿದ್ದ ಚೂರು ಮಣ್ಣಿನ ಕಡೆ ಕರೆದುಕೊಂಡು ಹೋದ.

ಅವನು ಸಲಿಕೆಯಿಂದ ಅಗೆದ. ಅವಳು ಗಂಟನ್ನು ಗುಂಡಿಗೆ ಇಳಿಸಿ, ಮೊದಲ ಹಿಡಿ ಮಣ್ಣು ಹಾಕಿದಳು. ಎರಡನೆಯ ಹಿಡಿ ಎತ್ತುವಾಗ ಸೈರನ್ ಕೂಗಿತು.

ಅವಳು ಬಯಲಿನಲ್ಲಿ ನಿಂತು ಅದನ್ನು ಕೇಳಿದ್ದು ಅದೇ ಮೊದಲು. ಸದ್ದು ಆಕಾಶದಿಂದಲೇ ತಲೆಯ ಮೇಲೆ ಸುರಿದಂತಾಯಿತು. ಅಬ್ದುಲ್ ಹಕೀಂ ಯಲ್ಲಾ, ಯಲ್ಲಾ ಎಂದು ಅವಳನ್ನು ಒಳಗೆ ಕೈ ಬೀಸಿ ಕಳಿಸಿದ. ಅವಳ ಮುಷ್ಟಿಯಲ್ಲಿ ಮಣ್ಣು ಇತ್ತು. ಗುಂಡಿ ತೆರೆದೇ ಇತ್ತು. ಅವಳು ಓಡಿದಳು. ಮೆಟ್ಟಿಲು ಹತ್ತಿ, ಬೆಣ್ಣಿಯನ್ನು ಎತ್ತಿ, ಕೋಣೆಯೊಳಗೆ ಹೋಗಿ ಟೇಪು ಹಚ್ಚಿದ ಮೇಲೆಯೇ ಅವಳಿಗೆ ತಾನು ಏನು ಮಾಡಿದೆನೆಂಬುದು ತಿಳಿದದ್ದು. ತೆರೆದ ಗುಂಡಿ, ಬೀದಿಯ ಬೆಕ್ಕುಗಳು. ಆಗ ಅವಳಿಗೆ ಅಳು ಬಂತು, ಸೈರನ್ನಿನ ಸದ್ದಿನಲ್ಲಿ ತನ್ನ ದನಿ ತನಗೇ ಕೇಳದಷ್ಟು.

ಎಲ್ಲ ಮುಗಿದು ಕೆಳಗಿಳಿದಾಗ ಗುಂಡಿ ಮುಚ್ಚಿತ್ತು. ಮಣ್ಣನ್ನು ಗಟ್ಟಿಯಾಗಿ ತಟ್ಟಿ, ಬೆಕ್ಕು ಕೆದರದ ಹಾಗೆ ಮೇಲೆ ಒಂದು ಭಾರದ ಟೈಲ್ಸು ಹಾಸಿತ್ತು. ಅಬ್ದುಲ್ ಹಕೀಂ ಗೋಡೆಗೊರಗಿ ಕೂತಿದ್ದ. ಅವನು ಒಳಗೆ ಓಡಿರಲಿಲ್ಲ. ಮುಖದ ಮೇಲೆ ಬೆವರು ಧಾರೆಯಾಗಿ ಇಳಿಯುತ್ತಿತ್ತು, ಸಲಿಕೆ ಇನ್ನೂ ಕೈಯಲ್ಲೇ ಇತ್ತು. ಅವಳು ಕೈಮುಗಿದು ಶುಕ್ರನ್ ಎಂದಳು. ಅದಕ್ಕಿಂತ ಹೆಚ್ಚಿನ ಅರಬ್ಬಿ ಅವಳಿಗೆ ಬರುತ್ತಿರಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಸೈರನ್‌ಗಳು ನಿಂತವು. ಬಸವಂತ ಗಡ್ಡ ಬಿಟ್ಟುಕೊಂಡು, ಮೈಯಿಳಿದು ಮನೆಗೆ ಬಂದ. ಕಿಟಕಿಯ ಪ್ಲಾಸ್ಟಿಕ್ ಕಿತ್ತುಹಾಕಿದರು. ಬೀಗ ಬಿದ್ದ ಮನೆಗಳು ಒಂದೊಂದಾಗಿ ತೆರೆದುಕೊಂಡವು. ಮಂಗಳಾಳ ಅಂಜಿಕೆ ಮಾತ್ರ ಮನೆಯೊಳಗೇ ಉಳಿದಿತ್ತು. ಬೆಣ್ಣಿ ತಿನ್ನುತ್ತಿರಲಿಲ್ಲ.

ಬೆಲ್ಲ ಸತ್ತ ದಿನದಿಂದ ಅವಳು ಕುಣಿದಿರಲಿಲ್ಲ. ಪಂಜರದ ಮೇಲಿನ ಅಂತಸ್ತಿನಿಂದ ಕೆಳಗಿನ ಅಂತಸ್ತಿಗೆ, ಅಲ್ಲಿಂದ ಸೋಫಾದ ಹಿಂದಕ್ಕೆ, ಅಲ್ಲಿಂದ ಕೋಣೆಯ ಮೂಲೆಗೆ ಹೋಗಿ ಮೂಸಿ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಆಮೇಲೆ ಹುಡುಕುವುದನ್ನೂ ಬಿಟ್ಟು ಬೆಲ್ಲ ಮಲಗುತ್ತಿದ್ದ ಬಟ್ಟೆಯ ಮೇಲೆ ಮುದುಡಿಕೊಂಡಳು. ಬೆನ್ನಿನ ಎಲುಬು ಕೈಗೆ ಸಿಗುತ್ತಿತ್ತು. ವಾಪಸು ಬಂದಿದ್ದ ಪಶುವೈದ್ಯ ಪರೀಕ್ಷೆ ಮಾಡಿ, ರೋಗವೇನೂ ಇಲ್ಲ, ಜೊತೆ ತಪ್ಪಿದ್ದಕ್ಕೆ ಹೀಗೆ, ಕೆಲವು ಉಳಿಯುತ್ತವೆ ಕೆಲವು ಉಳಿಯುವುದಿಲ್ಲ ಎಂದ. ಕ್ಷಿಪಣಿಗೆ ಟೇಪು ಹಚ್ಚಬಹುದಾಗಿತ್ತು. ಇದಕ್ಕೆ ಮಾಡುವಂಥದೇನೂ ಇರಲಿಲ್ಲ. ಮಂಗಳಾ ನಿದ್ದೆ ಬಿಟ್ಟು ಬೆಣ್ಣಿಯ ಹೊಟ್ಟೆ ನೋಡುತ್ತಾ ಕೂರುವುದನ್ನು ಬಸವಂತ ನೋಡಿದ. ಕಂಪನಿ ಕೊಟ್ಟ ರಜೆಯಲ್ಲಿ ಊರಿಗೆ ಹೋಗೋಣ ಎಂದುಕೊಂಡು ಬಂದಿದ್ದವನು ಆ ಮಾತನ್ನೇ ಎತ್ತಲಿಲ್ಲ.

ಅವನು ಹಗಲೆಲ್ಲ ಪಂಜರದ ಮುಂದೆ ನೆಲದ ಮೇಲೆ ಅಂಗಾತ ಮಲಗಿರತೊಡಗಿದ. ಕರೆಯುತ್ತಿರಲಿಲ್ಲ, ಮುಟ್ಟುತ್ತಿರಲಿಲ್ಲ. ಎದೆಯ ಮೇಲೆ ಅರೆದ ಕೋಳಿಯ ಬಟ್ಟಲು ಇಟ್ಟುಕೊಂಡು ಸುಮ್ಮನೆ ಮಲಗಿರುತ್ತಿದ್ದ. ಹಾಗೆ ಮಲಗಿದ್ದಾಗ ಒಮ್ಮೆ ಸೂರು ನೋಡುತ್ತಾ ಹೇಳಿದ: "ಅಲ್ಲಿ ಪ್ಲಾಂಟಿನ್ಯಾಗ ಸೈರನ್ ಆದಾಗ ನಾವೆಲ್ಲಾ ಪೈಪಿನ ಸಂದಿಯೊಳಗ ಕೂಡ್ತಿದ್ವಿ. ಒಂದು ಕಿಡಿ ಬಿದ್ರ ಮುಗೀತು. ಅಂಜಿಕಿ ತಡಕೊಳ್ಳಾಕ ಆಗದ ನಾ ಒಮ್ಮೆ ಎಲ್ಲರ ಮುಂದ ಅತ್ತೆ, ಮಂಗಳಾ. ನಿನ್ನ ಮುಂದ ಫೋನಿನ್ಯಾಗ ಆರಾಮ ಅದೀನಿ ಅಂದೆ."

ಮಂಗಳಾ ಅವನ ಪಕ್ಕ ಬಂದು ಕೂತಳು. ತಾನು ತೆವಳಿಕೊಂಡು ಅಡುಗೆಮನೆಗೆ ಹೋದದ್ದನ್ನು, ಗುಂಡಿ ಬಿಟ್ಟು ಓಡಿಬಂದದ್ದನ್ನು ಅವಳು ಅಲ್ಲಿಯವರೆಗೆ ಅವನಿಗೆ ಹೇಳಿರಲಿಲ್ಲ. ಈಗ ಹೇಳಿದಳು. ಅವನು ಅವಳ ಬೆರಳಿನ ಮೇಲಿದ್ದ ಹಲ್ಲಿನ ಗುರುತನ್ನು ಹಿಡಿದು ನೋಡಿದ. ಇಬ್ಬರೂ ಒಬ್ಬರ ಮುಂದೊಬ್ಬರು ಅತ್ತರು.

ಎಷ್ಟು ಹೊತ್ತಿನ ಮೇಲೋ ಬಸವಂತ ಅಲುಗಾಡಬೇಡ ಎಂಬಂತೆ ಅವಳ ಮಣಿಕಟ್ಟು ಒತ್ತಿದ. ಬೆಣ್ಣಿ ಪಂಜರದಿಂದ ಇಳಿದು ಅವನ ತೋಳಿನ ಬದಿಗೆ ಬಂದಿದ್ದಳು. ಅಂಗಿಯನ್ನು ಮೂಸಿದಳು, ಗಡ್ಡವನ್ನು ಮೂಸಿದಳು. ಎದೆಯ ಮೇಲೆ ಹತ್ತಿ ನಿಂತು ಬಟ್ಟಲಿನೊಳಗೆ ಮೂತಿ ಇಳಿಸಿ ಒಂದು ಸಲ ನೆಕ್ಕಿದಳು. ನಿಂತಳು. ಮತ್ತೆ ನೆಕ್ಕಿದಳು.

"ತಿನ್ನಾಕತ್ಯಾಳ ಅಕಿ," ಎಂದ ಬಸವಂತ, ತುಟಿ ಮಾತ್ರ ಅಲುಗಿಸಿ.

ಮಂಗಳಾ ಬಟ್ಟಲು ಖಾಲಿಯಾಗುವವರೆಗೂ ನೋಡಿ, ಅಲ್ಲೇ ಚಾಪೆಯ ಮೇಲೆ ಅಡ್ಡಾದಳು. ಬೀದಿಯಲ್ಲಿ ಯಾವುದೋ ಲಾರಿ ಹಾರ್ನ್ ಹೊಡೆಯುತ್ತಾ ಹೋಯಿತು. ಅವಳು ಒಮ್ಮೆ ಬೆಚ್ಚಿ ಕಣ್ಣು ತೆರೆದು, ಲಾರಿಯೆಂದು ತಿಳಿದು, ಮಗ್ಗುಲು ಹೊರಳಿ ನಿದ್ದೆ ಹೋದಳು.